ರಕ್ತಸ್ರಾವಕ್ಕೆ ಕಡಿವಾಣ ಹಾಕಿದ ಹಾರ್ವಿ ಕುಶಿಂಗ್

ಮಂಡಿ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಮುನ್ನ ಅನೇಕ ಆಸ್ಪತ್ರೆಗಳಲ್ಲಿ ರೋಗಿಯ ತೊಡೆಗೆ ಅಗಲವಾದ ಪಟ್ಟಿಯೊಂದನ್ನು ಸುತ್ತುತ್ತಾರೆ. ಗಾಳಿ ತುಂಬಿ ಅದು ಬಿಗಿಯಾದಾಗ ಕಾಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ವೈದ್ಯರಿಗೆ ಕೀಲು ಸ್ಪಷ್ಟವಾಗಿ ಕಾಣುತ್ತದೆ. ಗಾಳಿ ತುಂಬುವ ಈ ಟೂರ್ನಿಕೆಟ್ ಅನ್ನು 1904ರಲ್ಲಿ ಪರಿಚಯಿಸಿದವರು ಅಮೆರಿಕದ ಡಾ. ಹಾರ್ವಿ ಕುಶಿಂಗ್. ಅಚ್ಚರಿಯೆಂದರೆ, ಅವರು ಮೂಳೆ ತಜ್ಞರಲ್ಲ, ಮಿದುಳಿನ ಶಸ್ತ್ರಚಿಕಿತ್ಸಕರು.

ಕುಶಿಂಗ್ ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನ ವೈದ್ಯರ ಮನೆತನದಲ್ಲಿ. 1895ರಲ್ಲಿ ಹಾರ್ವರ್ಡ್‌ನಿಂದ ವೈದ್ಯ ಪದವಿ ಪಡೆದ ಅವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿ ವಿಲಿಯಂ ಹಾಲ್‌ಸ್ಟೆಡ್ ಅವರ ಕೈಕೆಳಗೆ ಪಳಗಿದರು. ಆತುರ ಸಲ್ಲದು, ಪ್ರತಿ ಹನಿ ರಕ್ತವನ್ನೂ ಉಳಿಸಬೇಕು ಎಂಬುದು ಅವರು ಅಲ್ಲಿ ಕಲಿತ ಪಾಠ.

1901ರಲ್ಲಿ ಇಟಲಿಯ ಪಾವಿಯಾಕ್ಕೆ ಹೋದಾಗ ರಿವಾ-ರೊಚ್ಚಿ ರೂಪಿಸಿದ್ದ ರಕ್ತದೊತ್ತಡ ಮಾಪಕ ಕಣ್ಣಿಗೆ ಬಿತ್ತು. ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ ಅದು. ಕುಶಿಂಗ್ ಅದನ್ನು ಬಾಲ್ಟಿಮೋರ್‌ನ ಆಪರೇಷನ್ ಥಿಯೇಟರ್‌ಗೆ ತಂದರು. ಗಾಳಿ ತುಂಬುವ ಪಟ್ಟಿ ರಕ್ತವನ್ನು ತಡೆಯಲೂ ನೆರವಾಯಿತು.

ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು 1873ರಲ್ಲಿ ಜರ್ಮನಿಯ ಎಸ್ಮಾರ್ಕ್ ಜಾರಿಗೆ ತಂದ ರಬ್ಬರ್ ಪಟ್ಟಿ. ಅದನ್ನು ಎಷ್ಟು ಬಿಗಿದಿದ್ದೇವೆ ಎಂಬುದು ತಿಳಿಯುತ್ತಿರಲಿಲ್ಲ. ಹೆಚ್ಚಾದರೆ ನರಗಳಿಗೆ ಪೆಟ್ಟು ಬಿದ್ದು ಕೈಕಾಲು ಸ್ವಾಧೀನ ತಪ್ಪುವ ಭಯವಿತ್ತು. ಗಾಳಿ ತುಂಬುವ ಪಟ್ಟಿಯಲ್ಲಾದರೆ ಒತ್ತಡವನ್ನು ಅಳೆಯಬಹುದು, ಬೇಕೆಂದಾಗ ಇಳಿಸಬಹುದು. ತಲೆಬುರುಡೆ ತೆರೆಯುವಾಗಲೂ ಕುಶಿಂಗ್ ಇದನ್ನೇ ತಲೆಗೆ ಸುತ್ತಿದರು.

ಆದರೆ ಮಿದುಳಿನ ಒಳಗೆ ಪಟ್ಟಿ ಕಟ್ಟಲಾಗದು. ಅಲ್ಲಿನ ಸೂಕ್ಷ್ಮ ರಕ್ತನಾಳಗಳಿಗಾಗಿ 1911ರಲ್ಲಿ ಪುಟ್ಟ ಬೆಳ್ಳಿ ಕ್ಲಿಪ್‌ಗಳನ್ನು ಬಳಕೆಗೆ ತಂದರು. ಅದೂ ಸಾಲದಾದಾಗ ಕೆಲವು ಶಸ್ತ್ರಚಿಕಿತ್ಸೆಗಳನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು. 1926ರಲ್ಲಿ ಹಾಗೆ ಕೈಬಿಟ್ಟಿದ್ದ ತಲೆಯ ಗಡ್ಡೆಯೊಂದನ್ನು ಕೆಲವೇ ದಿನಗಳ ನಂತರ, ಅಕ್ಟೋಬರ್ 1ರಂದು, ವಿಲಿಯಂ ಬೋವಿ ರೂಪಿಸಿದ ವಿದ್ಯುತ್ ಉಪಕರಣದ ನೆರವಿನಿಂದ ತೆಗೆದರು. ಇಂದು ಬಹುತೇಕ ಎಲ್ಲ ಆಪರೇಷನ್ ಥಿಯೇಟರ್‌ಗಳಲ್ಲೂ ಇಂಥ ಉಪಕರಣವಿದೆ.

1931ರ ಹೊತ್ತಿಗೆ ಅವರು ಶಸ್ತ್ರಚಿಕಿತ್ಸೆ ನಡೆಸಿದ ಮಿದುಳು ಗಡ್ಡೆಗಳ ಸಂಖ್ಯೆ 2000 ತಲುಪಿತ್ತು. ಗುರುಸಮಾನರಾದ ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆ ಬರೆದು 1926ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆದರು. 1939ರ ಅಕ್ಟೋಬರ್ 7ರಂದು ನ್ಯೂ ಹೇವನ್‌ನಲ್ಲಿ ನಿಧನರಾದರು.

ಈಗ ಅವರ ಟೂರ್ನಿಕೆಟ್ ಮತ್ತೆ ಚರ್ಚೆಯಲ್ಲಿದೆ. ತೊಡೆಯ ನೋವು, ನರ ಮತ್ತು ಸ್ನಾಯುಗಳಿಗೆ ಹಾನಿ, ರಕ್ತ ಹೆಪ್ಪುಗಟ್ಟುವ ಸಾಧ್ಯತೆಯ ಕಾರಣ ಕೆಲವು ತಜ್ಞರು ಮಂಡಿ ಬದಲಾವಣೆಯಲ್ಲಿ ಅದನ್ನು ಬಳಸುವುದೇ ಇಲ್ಲ. ಬಳಸಿದರೂ ಅಲ್ಪಾವಧಿಗೆ ಸೀಮಿತಗೊಳಿಸುವವರಿದ್ದಾರೆ. ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಮ್ಲದಂಥ ಔಷಧವೂ ಈಗ ಇದೆ. ಬಿಗಿಯುವ ಪಟ್ಟಿಯಿಂದ ರೋಗಿಗೆ ತೊಂದರೆಯಾಗಬಾರದು ಎಂಬ ಕಾಳಜಿಯಿಂದಲೇ ಕುಶಿಂಗ್ ರಬ್ಬರ್ ಪಟ್ಟಿಯನ್ನು ಬದಿಗಿಟ್ಟಿದ್ದರು. ಇಂದಿನ ಚರ್ಚೆಯೂ ಅದೇ ಕಾಳಜಿಯ ಮುಂದುವರಿಕೆ.