ಮಗನನ್ನು ದಂಡಿಗೆ ಕಳುಹಿದ ಕವಿ

ಬೆಳೆದ ಮಗನು ಎದುರಿಗೆ ಬಂದು, ತಾನು ದಂಡಿಗೆ ಸೇರುವೆನೆಂದು ಹೇಳಿ ನಿಂತಾಗ ಹೆತ್ತವರು ಮಾಡಬೇಕಾದುದೇನು? ತಡೆದರೆ ಮಗನ ಪೌರುಷಕ್ಕೂ ದೇಶದ ಅವಶ್ಯಕತೆಗೂ ಅಡ್ಡ ಬಂದ ಅಪವಾದ. ಒಪ್ಪಿ ಬೆನ್ನು ತಟ್ಟಿದರೆ, ಮುಂದೊಂದು ದಿನ ಕೆಟ್ಟ ಸುದ್ದಿ ಬಾಗಿಲಿಗೆ ಬಂದಾಗ ಬೆನ್ನು ತಟ್ಟಿದ ಆ ಕೈಯನ್ನೇ ತಿರುತಿರುಗಿ ನೋಡಿಕೊಳ್ಳಬೇಕಾದ ಸಂಕಟ. ಈ ಪ್ರಶ್ನೆಯು ಹಳೆಯದಾದರೂ ಹಳಸಿದುದಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಅಗ್ನಿಪಥ ಯೋಜನೆಯು ಹದಿನೇಳೂವರೆ ವರ್ಷ ತುಂಬಿದ ಹುಡುಗರಿಗೆ ಸೈನ್ಯದ ಬಾಗಿಲನ್ನು ತೆರೆಯಿತು. ಹದಿನೆಂಟು ತುಂಬದವನ ಕಾಗದಕ್ಕೆ ತಂದೆತಾಯಿಗಳ ಸಹಿಯೂ ಬೇಕೆಂದು ವಿಧಿಸಿತು. ಅಂತಹ ಒಂದು ಸಹಿಯ ಭಾರವೆಷ್ಟೆಂಬುದನ್ನು ತಿಳಿಯಬೇಕಾದರೆ ರಡ್ಯಾರ್ಡ್ ಕಿಪ್ಲಿಂಗನ ಜೀವನವನ್ನು ನೋಡಬೇಕೆಂದು ನಮಗೆ ತೋರುತ್ತದೆ.

ಈ ಹೆಸರನ್ನು ಎತ್ತಿದೊಡನೆ ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಕಿಪ್ಲಿಂಗನು ಆಂಗ್ಲ ಸಾಮ್ರಾಜ್ಯದ ವಂದಿಮಾಗಧನಾಗಿದ್ದನು; ಭಾರತೀಯರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲರೆಂಬುದನ್ನು ಕೊನೆಯವರೆಗೂ ಒಪ್ಪಲಿಲ್ಲ. ಜಲಿಯನ್‌ವಾಲಾಬಾಗಿನಲ್ಲಿ ನಿರಾಯುಧರ ಮೇಲೆ ಗುಂಡು ಹಾರಿಸಿದ ಡಯರನಿಗಾಗಿ 1920ರಲ್ಲಿ ಲಂಡನ್ನಿನ ಪತ್ರಿಕೆಯೊಂದು ನಿಧಿಯನ್ನು ಕೂಡಿಸಿದಾಗ, ಅದಕ್ಕೆ ಹಣ ಕೊಟ್ಟವರಲ್ಲಿ ಈತನೂ ಒಬ್ಬನು. ಇವನ್ನು ನಾವು ಮರೆತಿಲ್ಲ, ಮರೆಯತಕ್ಕವೂ ಅಲ್ಲ. ಆದರೆ ಎದುರಾಳಿಯ ಮನೆಯ ದುಃಖದಲ್ಲಿಯೂ ಕಲಿಯತಕ್ಕ ಪಾಠವಿದ್ದಲ್ಲಿ, ಅದನ್ನು ಕಲಿಯುವುದು ವಿವೇಕಿಗಳಿಗೆ ಅಗೌರವವಲ್ಲ.

ಕಿಪ್ಲಿಂಗನು ಹುಟ್ಟಿದುದು 1865ನೆಯ ಡಿಸೆಂಬರ್ 30ರಂದು ಮುಂಬಯಿಯಲ್ಲಿ. ತಂದೆಯಾದ ಜಾನ್ ಲಾಕ್‌ವುಡ್ ಕಿಪ್ಲಿಂಗನು ಅಲ್ಲಿಯ ಕಲಾಶಾಲೆಯಲ್ಲಿ ಅಧ್ಯಾಪಕನಾಗಿದ್ದನು. ಆ ಕಾಲದ ಆಂಗ್ಲರ ಪದ್ಧತಿಯಂತೆ ಆರು ವರ್ಷ ತುಂಬುವ ಮೊದಲೇ ಹುಡುಗನನ್ನೂ ಅವನ ತಂಗಿಯನ್ನೂ ಸೀಮೆಗೆ ಕಳುಹಿಸಿ, ಸೌತ್‌ಸೀ ಎಂಬ ಊರಿನಲ್ಲಿ ಪರರ ಮನೆಯಲ್ಲಿ ಬಿಟ್ಟರು. ಅಲ್ಲಿ ಕಳೆದ ವರ್ಷಗಳ ಏಟು, ಅವಮಾನ, ಏಕಾಂತಗಳನ್ನು ಆತನು ಜೀವಮಾನವೆಲ್ಲ ನೆನೆದನು. ಮುಂದೆ ಸೈನ್ಯಾಧಿಕಾರಿಗಳ ಮಕ್ಕಳೇ ಹೆಚ್ಚಾಗಿದ್ದ ಶಾಲೆಯೊಂದರಲ್ಲಿ ಓದಿದನು. ಜೊತೆಯವರು ಕತ್ತಿ ಕಟ್ಟಲು ಹೊರಟರು. ದಪ್ಪ ಗಾಜಿನ ಕನ್ನಡಕದ ಈ ಹುಡುಗನಿಗೆ ಮಾತ್ರ ಆ ದಾರಿಯು ಮುಚ್ಚಿತ್ತು. ಕತ್ತಿ ದೊರೆಯದವನು ಲೇಖನಿಯನ್ನು ಹಿಡಿದನು. 1882ರಲ್ಲಿ ಲಾಹೋರಿಗೆ ಬಂದು ಪತ್ರಿಕೋದ್ಯೋಗವನ್ನು ಕೈಗೊಂಡು, ಬಳಿಕ ಅಲಹಾಬಾದಿಗೆ ಹೋಗಿ, ದಂಡಿನ ಬೀದಿಗಳಲ್ಲಿ ಸಿಪಾಯಿಗಳ ಮಾತನ್ನು ಕೇಳಿ ಕೇಳಿ ಬರೆದ ಕಥೆ ಕವಿತೆಗಳಿಂದ ಮೂವತ್ತು ತುಂಬುವುದರೊಳಗೆ ಜಗದ್ವಿಖ್ಯಾತನಾದನು. 1894ರಲ್ಲಿ ಹೊರಬಂದ ಜಂಗಲ್ ಬುಕ್ ಎಂಬ ಪುಸ್ತಕದ ಮೋಗ್ಲಿಯನ್ನು ನಮ್ಮ ಮಕ್ಕಳೂ ಬಲ್ಲರು. 1907ರಲ್ಲಿ ನೊಬೆಲ್ ಬಹುಮಾನವು ಆತನಿಗೆ ಬಂದಿತು. ಆಂಗ್ಲ ಸಾಹಿತಿಗಳಲ್ಲಿ ಅದನ್ನು ಪಡೆದವರಲ್ಲಿ ಆತನೇ ಮೊದಲಿಗನು.

ಕೀರ್ತಿಯು ಬಂದಿತು, ಆದರೆ ಮೃತ್ಯುವೂ ಮನೆಯ ದಾರಿಯನ್ನು ಕಂಡುಕೊಂಡಿತು. ಹಿರಿಯ ಮಗಳು ಜೋಸೆಫೀನಳು 1899ರಲ್ಲಿ ನ್ಯೂಯಾರ್ಕಿನಲ್ಲಿ ಆರನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಉಳಿದವರು ಎಲ್ಸಿ ಎಂಬ ಮಗಳೂ, 1897ನೆಯ ಆಗಸ್ಟ್ 17ರಂದು ಹುಟ್ಟಿದ ಜಾನ್ ಎಂಬ ಒಬ್ಬನೇ ಮಗನೂ. ತಾನು ಬಾಲ್ಯದಲ್ಲಿ ಕಾಣದೆ ಹೋದ ಸಲಿಗೆಯನ್ನು ಕಿಪ್ಲಿಂಗನು ಈ ಮಕ್ಕಳಿಗೆ ಧಾರಾಳವಾಗಿ ಕೊಟ್ಟನೆಂಬುದಕ್ಕೆ, ಅವರು ಶಾಲೆಗೆ ಹೋದ ಮೇಲೆ ಆತನು ಬರೆದ ಪತ್ರಗಳೇ ಸಾಕ್ಷಿ. ಹಾಸ್ಯ, ಚಿತ್ರ, ಬುದ್ಧಿಮಾತು, ಊರ ಸುದ್ದಿ ಎಲ್ಲವೂ ಅವುಗಳಲ್ಲಿವೆ.

ತಂದೆಯು ಮಗನಿಗೆ ಕೊಟ್ಟ ಆಸ್ತಿಯಲ್ಲಿ ದುರ್ಬಲವಾದ ಕಣ್ಣುಗಳೂ ಸೇರಿದ್ದವು. ನೌಕಾಸೈನ್ಯದ ಆಸೆಯನ್ನು ಅವು ಮೊದಲೇ ಮುರಿದವು. ವೆಲಿಂಗ್ಟನ್ ಶಾಲೆಯಲ್ಲಿ ಓದಿಸಿ ಭೂಸೈನ್ಯಕ್ಕೆ ಸಿದ್ಧಗೊಳಿಸಿದರೂ, 1914ನೆಯ ಆಗಸ್ಟಿನಲ್ಲಿ ಮಹಾಯುದ್ಧವು ಆರಂಭವಾದಾಗ ವೈದ್ಯರು ಹುಡುಗನನ್ನು ಪರೀಕ್ಷಿಸಿ ಬೇಡವೆಂದರು. ಕನ್ನಡಕವಿಲ್ಲದೆ ಕೆಲವು ಗಜಗಳಾಚೆಗೆ ಸ್ಪಷ್ಟವಾಗಿ ಕಾಣದವನನ್ನು ಗುಂಡಿನ ಮಳೆಗೆ ಕಳುಹಿಸಬಾರದೆಂಬುದು ಸೈನ್ಯದ ನಿಯಮವೇ ಆಗಿದ್ದಿತು. ವಿಷಯವು ಅಲ್ಲಿಗೆ ಮುಗಿಯಬಹುದಾಗಿದ್ದಿತು. ಯಾರೂ ಆ ಮನೆಯವರನ್ನು ಹೇಡಿಗಳೆನ್ನುತ್ತಿರಲಿಲ್ಲ.

ಮುಗಿಯಲಿಲ್ಲ. ಹುಡುಗನು ಹೋಗಿಯೇ ತೀರುವೆನೆಂದನು. ತಂದೆಯೂ ಅದನ್ನೇ ಬಯಸಿದನು. ಹಿಂದೆ ಭಾರತದಲ್ಲಿ ಪ್ರಧಾನ ಸೇನಾಧಿಪತಿಯಾಗಿದ್ದ ರಾಬರ್ಟ್ಸ್ ಪ್ರಭುವು ಕಿಪ್ಲಿಂಗನಿಗೆ ಹಳೆಯ ಮಿತ್ರನು. ಐರಿಷ್ ಗಾರ್ಡ್ಸ್ ಎಂಬ ಪ್ರಸಿದ್ಧ ರೆಜಿಮೆಂಟಿನ ಗೌರವ ಕರ್ನಲನೂ ಆತನೇ. ಕಿಪ್ಲಿಂಗನು ಆತನಲ್ಲಿ ಬಿನ್ನವಿಸಿಕೊಂಡನು. ದೊಡ್ಡವರ ಒಂದು ಮಾತಿನಿಂದ ವೈದ್ಯರ ಮಾತು ಬಿದ್ದುಹೋಯಿತು. ಸೆಪ್ಟೆಂಬರಿನಲ್ಲಿ, ಹದಿನೇಳು ತುಂಬಿ ತಿಂಗಳೂ ಆಗದ ಜಾನನು ಸೆಕೆಂಡ್ ಲೆಫ್ಟಿನೆಂಟನಾಗಿ ವಾರ್ಲಿಯ ದಂಡಿನ ಠಾಣ್ಯವನ್ನು ಸೇರಿದನು.

ಇಲ್ಲಿ ನಾವು ನ್ಯಾಯವಾಗಿ ಎರಡು ಮಾತುಗಳನ್ನೂ ಆಡಬೇಕು. ಪರರ ಮಕ್ಕಳನ್ನು ಯುದ್ಧಕ್ಕೆ ಕರೆದು ತನ್ನ ಮಗನನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡ ಮುಖಂಡರನ್ನು ಎಲ್ಲ ದೇಶಗಳೂ ಕಂಡಿವೆ. ಕಿಪ್ಲಿಂಗನು ವೇದಿಕೆಗಳನ್ನೇರಿ ತರುಣರನ್ನು ಸೈನ್ಯಕ್ಕೆ ಕರೆದನು. ಮೊದಲು ತನ್ನ ಒಬ್ಬನೇ ಮಗನನ್ನು ಕೊಟ್ಟನು. ಆತನ ಹೆಂಡತಿಯಾದ ಕ್ಯಾರೊಲೈನಳೂ, ನೆರೆಹೊರೆಯ ಮಕ್ಕಳು ಸತ್ತು ತಮ್ಮ ಮಗನು ಉಳಿಯುವುದು ಧರ್ಮವಲ್ಲವೆಂದು ತನ್ನ ತಾಯಿಗೆ ಬರೆದಳು. ಈ ನಿಷ್ಠೆಗೆ ನಾವು ತಲೆಬಾಗಲೇಬೇಕು. ಆದರೆ ಮಗನ ಇಚ್ಛೆಯ ಹಿಂದೆ ನಿಂತು ಆಸರೆಯಾಗುವುದು ಒಂದು. ಮಗನಿಗಿಂತ ಮುಂದೆ ಹೋಗಿ, ಮುಚ್ಚಿದ್ದ ಬಾಗಿಲನ್ನು ವಶೀಲಿಯಿಂದ ತೆರೆಯಿಸುವುದು ಇನ್ನೊಂದು. ತಾನು ಏರಲಾರದೆ ಹೋದ ಕುದುರೆಯ ಮೇಲೆ ಮಗನನ್ನು ಕೂರಿಸುವ ಆಸೆಯು ಎಷ್ಟೋ ತಂದೆಗಳಲ್ಲಿ ಅವರಿಗೇ ತಿಳಿಯದಂತೆ ಅಡಗಿರುತ್ತದೆ. ಕಿಪ್ಲಿಂಗನಲ್ಲಿ ಅದು ಇರಲಿಲ್ಲವೆಂದು ಹೇಳುವ ಧೈರ್ಯವು ನಮಗಿಲ್ಲ.

ಮಗನು ದಂಡನ್ನು ಸೇರಿದ ಮೇಲೆ ಮಾತ್ರ ತಂದೆಯ ನಡತೆಯು ಅನುಕರಣೀಯವಾಗಿದ್ದಿತೆಂದು ಸಂಶಯವಿಲ್ಲದೆ ಹೇಳಬಹುದು. ಒಂದು ವರ್ಷ ಕಾಲ ಹುಡುಗನು ತರಬೇತಿಯಲ್ಲಿದ್ದನು. ರಜೆ ದೊರೆತಾಗ ಬರ್ವಾಷ್ ಗ್ರಾಮದ ಮನೆಗೆ ಬರುವನು. ಉಳಿದ ಕಾಲದಲ್ಲಿ ಪತ್ರಗಳು. ತಂದೆಯ ಪತ್ರಗಳಲ್ಲಿ ಅಳಲು ಇರಲಿಲ್ಲ, ಉಪನ್ಯಾಸವೂ ಇರಲಿಲ್ಲ. ಕಂದಕದ ಮೇಲ್ಗಡೆ ಮೊಲಗಳನ್ನು ತಡೆಯುವ ತಂತಿಬಲೆಯನ್ನು ಹರಡಿದರೆ ಶತ್ರುವಿನ ಕೈಬಾಂಬು ಒಳಗೆ ಬೀಳಲಾರದೆಂಬಂತಹ ಉಪಯೋಗದ ಮಾತುಗಳಿದ್ದವು. ಮಗನು ಕೇಳಿದ ಕಾಲುಚೀಲ ಮೊದಲಾದ ಸಣ್ಣಪುಟ್ಟ ಸಾಮಾನುಗಳು ಮನೆಯಿಂದ ತಪ್ಪದೆ ಹೋಗುತ್ತಿದ್ದವು. ತಮ್ಮ ಭಯವನ್ನು ಮಗನ ತಲೆಯ ಮೇಲೆ ಹೊರಿಸದೆ, ಮನೆಯು ಎಂದಿನಂತೆಯೇ ಇರುವುದೆಂಬ ನೆಮ್ಮದಿಯನ್ನು ಕಳುಹಿಸಿಕೊಡುವುದಕ್ಕಿಂತ ದೊಡ್ಡ ಸಹಾಯವನ್ನು ಹೆತ್ತವರು ಸಿಪಾಯಿಗೆ ಮಾಡಲಾರರು.

ಹದಿನೆಂಟು ತುಂಬುವ ಹೊತ್ತಿಗೆ ಹುಡುಗನನ್ನು ಹೊರದೇಶದ ರಣರಂಗಕ್ಕೆ ಕಳುಹಲು ತಂದೆಯ ಸಮ್ಮತಿಯು ಬೇಕಾಯಿತು. ಕಿಪ್ಲಿಂಗನು ಸಮ್ಮತಿಸಿದನು. 1915ನೆಯ ಆಗಸ್ಟ್ ಮಧ್ಯದಲ್ಲಿ ಜಾನನು ಮನೆಯಿಂದ ಹೊರಟಾಗ ತಂದೆಯು ಅಲ್ಲಿರಲಿಲ್ಲ. ಫ್ರೆಂಚರ ರಣರಂಗವನ್ನು ನೋಡಿ ಬರೆಯಲು ಮೊದಲೇ ಫ್ರಾನ್ಸಿಗೆ ಹೋಗಿದ್ದನು. ಮೆಟ್ಟಿಲಿನ ಮೇಲ್ಗಡೆ ತಿರುಗಿ ನಿಂತು, ಅಪ್ಪನಿಗೆ ತನ್ನ ಪ್ರೀತಿಯನ್ನು ತಿಳಿಸಬೇಕೆಂದು ತಾಯಿಗೆ ಹೇಳಿ ಹುಡುಗನು ಹೊರಟುಹೋದನು. ಫ್ರಾನ್ಸಿನಿಂದ ಬರೆದ ಪತ್ರವೊಂದರಲ್ಲಿ ಆತನು, ತನ್ನ ಗುರುತಿನ ಬಿಲ್ಲೆಯು ಕಳೆದುಹೋಗಿರುವುದರಿಂದ, ಹೆಸರು ಕೊರೆದು ದಾರ ಪೋಣಿಸಿದ ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಕಳುಹಿಸಬೇಕೆಂದು ಕೇಳಿದನು. ಆಗ ಅದು ಕಾಲುಚೀಲದಷ್ಟೇ ಸಾಮಾನ್ಯವಾದ ಬೇಡಿಕೆಯಾಗಿ ಕಂಡಿರಬೇಕು.

ಸೆಪ್ಟೆಂಬರ್ 25ರಂದು ಲೂಸ್ ಎಂಬಲ್ಲಿ ದೊಡ್ಡ ಕಾಳಗವು ಆರಂಭವಾಯಿತು. ಅದೇ ದಿನ ಸಮೀಪದ ರಂಗದಲ್ಲಿ ನಮ್ಮವರ ಮೀರತ್ ಡಿವಿಷನ್ನೂ ಹೋರಾಡಿತು. ಆ ಕಾಳಗದಲ್ಲಿ ಬ್ರಿಟಿಷರ ಪಕ್ಷದಲ್ಲಿ ಸತ್ತವರೂ ಗಾಯಗೊಂಡವರೂ ಕಾಣೆಯಾದವರೂ ಸೇರಿ ಸುಮಾರು 50,000 ಮಂದಿ. 27ರಂದು ಐರಿಷ್ ಗಾರ್ಡ್ಸ್ ಪಡೆಯು ಸುಣ್ಣಕಲ್ಲಿನ ಗಣಿಯ ಬಳಿಯ ತೋಪಿನ ಕಡೆಗೆ ನುಗ್ಗಿತು. ಜಾನನು ಹಿಂದಿರುಗಲಿಲ್ಲ. ಅಕ್ಟೋಬರ್ 2ರಂದು ಮನೆಗೆ ತಂತಿಯು ಬಂದಿತು: ಗಾಯಗೊಂಡಿರುವನು, ಕಾಣೆಯಾಗಿರುವನು. ರಣರಂಗವನ್ನು ಸೇರಿ ಆರು ವಾರಗಳಷ್ಟೇ ಆಗಿದ್ದವು.

ಸತ್ತನೆಂದಿದ್ದರೆ ಅಳಬಹುದು; ಕಾಣೆಯಾದನೆಂದರೆ ಅಳುವುದಕ್ಕೂ ಅಪ್ಪಣೆಯಿಲ್ಲ. ಗಂಡಹೆಂಡಿರು ಹುಡುಕಲು ತೊಡಗಿದರು. ಆಸ್ಪತ್ರೆಗಳಲ್ಲಿದ್ದ ಗಾಯಾಳುಗಳನ್ನು ಕಂಡು ಒಬ್ಬೊಬ್ಬರನ್ನೂ ವಿಚಾರಿಸಿದರು. ತಟಸ್ಥ ದೇಶಗಳ ಗಣ್ಯರ ಮೂಲಕ ಜರ್ಮನಿಯಲ್ಲಿ ಕೇಳಿಸಿದರು. ವಿಮಾನಗಳಿಂದ ಶತ್ರುಗಳ ನೆಲದ ಮೇಲೆ ಕರಪತ್ರಗಳನ್ನೂ ಉದುರಿಸಿದರು. ವಶೀಲಿಯೊಂದು ಮಾತಿಗೆ ಸೈನ್ಯದ ಬಾಗಿಲನ್ನು ತೆರೆಯಿಸಿದ್ದಿತು. ಈಗ ಲೋಕದ ವಶೀಲಿಯೆಲ್ಲ ಕೂಡಿಯೂ ಒಂದು ಮೂಳೆಯನ್ನು ತಂದುಕೊಡಲಾರದೆ ಹೋಯಿತು.

ಈ ಪೆಟ್ಟಿನಿಂದ ಕಿಪ್ಲಿಂಗನು ಸಾಮ್ರಾಜ್ಯಭಕ್ತಿಯನ್ನು ಬಿಡಲಿಲ್ಲ. ಮಗನನ್ನು ಕಳೆದುಕೊಂಡ ತಂದೆಯು ಅಮೃತಸರದ ತಂದೆತಾಯಿಗಳ ಗೋಳನ್ನು ಕೇಳದೆ ಹೋದುದು ಆತನ ಬಾಳಿನ ದೊಡ್ಡ ಕೊರತೆಯೆಂದೇ ನಾವು ಹೇಳುವೆವು. ಆದರೆ ಒಂದು ವಿಷಯದಲ್ಲಿ ದುಃಖವು ಆತನನ್ನು ತಿದ್ದಿತು. 1917ರಲ್ಲಿ, ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳಲು ಏರ್ಪಟ್ಟ ಆಯೋಗವನ್ನು ಸೇರಿ, ಸಾಯುವವರೆಗೂ ಅದಕ್ಕಾಗಿ ದುಡಿದನು. ಪ್ರಭುವಿನ ಮಗನಿಗೂ ಕೂಲಿಯ ಮಗನಿಗೂ ಒಂದೇ ಅಳತೆಯ ಕಲ್ಲು, ಒಂದೇ ಸಾಲು ಎಂಬ ಆ ಆಯೋಗದ ನಿಯಮವನ್ನು ಸಿರಿವಂತರು ಬಲವಾಗಿ ವಿರೋಧಿಸಿದಾಗ, ಕಿಪ್ಲಿಂಗನು ನಿಯಮದ ಪಕ್ಷದಲ್ಲಿ ನಿಂತನು. ಹೆಸರು ತಿಳಿಯದವನ ಕಲ್ಲಿನ ಮೇಲೆ, ಅವನನ್ನು ದೇವರು ಬಲ್ಲನೆಂಬ ಅರ್ಥದ ಮಾತನ್ನು ಕೊರೆಯಿಸಿದವನೂ ಆತನೇ. ಸಮಾಧಿಯ ಪತ್ತೆಯಿಲ್ಲದೆ ಮಡಿದ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರುಗಳನ್ನು ಹೊತ್ತ ಸ್ಮಾರಕವು 1927ನೆಯ ಅಕ್ಟೋಬರಿನಲ್ಲಿ ಫ್ರಾನ್ಸಿನ ನವ್ ಶಾಪೆಲ್ ಎಂಬಲ್ಲಿ ಉದ್ಘಾಟಿತವಾದಾಗ ಆತನು ಅಲ್ಲಿದ್ದನು. ಮಗನ ರೆಜಿಮೆಂಟಿನ ಚರಿತ್ರೆಯನ್ನು ವರ್ಷಗಟ್ಟಲೆ ದುಡಿದು 1923ರಲ್ಲಿ ಎರಡು ಸಂಪುಟಗಳಾಗಿ ಹೊರತಂದನು. ಅದರಲ್ಲಿ ಸ್ವಂತ ಮಗನಿಗೆ ಕೊಟ್ಟುದು, ಉಳಿದ ಅಧಿಕಾರಿಗಳಿಗೆ ಕೊಟ್ಟಂತೆ, ಒಂದು ವಾಕ್ಯದೊಳಗಿನ ಕೆಲವೇ ಪದಗಳನ್ನು. ಸೇರಿಸುವಾಗ ಮಗನಿಗಾಗಿ ವಿಶೇಷ ಹಕ್ಕನ್ನು ಬೇಡಿದ ತಂದೆಯು, ಸತ್ತ ಮೇಲೆ ಯಾವ ವಿಶೇಷ ಹಕ್ಕನ್ನೂ ಬೇಡಲಿಲ್ಲ.

1936ನೆಯ ಜನವರಿ 18ರಂದು ಕಿಪ್ಲಿಂಗನು ತೀರಿಕೊಂಡನು. ಆತನ ಬೂದಿಗೆ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಕವಿಗಳ ನಡುವೆ ಸ್ಥಾನ ದೊರೆಯಿತು. ಮಗನ ಸಮಾಧಿಯನ್ನು ಮಾತ್ರ ಆತನು ಕಾಣಲಿಲ್ಲ. 1992ರಲ್ಲಿ ಆಯೋಗವು, ಲೂಸಿನ ಬಳಿ ಐರಿಷ್ ಗಾರ್ಡ್ಸಿನ ಅಜ್ಞಾತ ಲೆಫ್ಟಿನೆಂಟನ ಸಮಾಧಿಯೊಂದು ಜಾನನದೇ ಎಂದು ನಿರ್ಧರಿಸಿ ಹೆಸರನ್ನು ಕೊರೆಯಿಸಿತು. ಕೆಲವು ಸಂಶೋಧಕರು ಇದನ್ನು ಒಪ್ಪದೆ ವಾದಿಸಿದರು. ನಿರ್ಧಾರವು ನಿಜವಾದ ಪಕ್ಷದಲ್ಲಿ, ಅಷ್ಟು ವರ್ಷಗಳ ಕಾಲ ಮಗನ ತಲೆಯ ಬಳಿ ಹೆಸರಿಲ್ಲದ ಕಲ್ಲಿನ ಮೇಲೆ ನಿಂತಿದ್ದುದು ತಂದೆಯು ಆರಿಸಿಕೊಟ್ಟ ಮಾತೇ ಸರಿ.

ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವೊಂದಿದೆ. ಅದೇ ಮಹಾಯುದ್ಧದಲ್ಲಿ ಈಜಿಪ್ಟಿಗೂ ಪ್ಯಾಲೆಸ್ಟೈನಿಗೂ ಹೋಗಿ, 1918ರಲ್ಲಿ ಹೈಫಾ ನಗರವನ್ನು ಗೆಲ್ಲುವುದರಲ್ಲಿ ಪಾಲುಗೊಂಡ ನಮ್ಮ ಸವಾರರ ನೆನಪು ಅದು. ಅವರನ್ನು ಕಳುಹಿದ ತಂದೆತಾಯಿಗಳಿಗೆ ರಾಬರ್ಟ್ಸ್ ಪ್ರಭುವಿನ ಸ್ನೇಹವಿರಲಿಲ್ಲ. ಶೋಕವನ್ನು ಬರೆದಿಡುವ ಲೇಖನಿಯೂ ಇರಲಿಲ್ಲ. ಆದರೆ ಶೋಕಕ್ಕೆ ಹೆಚ್ಚುಕಡಿಮೆಯಿಲ್ಲ.

ಮಗನನ್ನೋ ಮಗಳನ್ನೋ ಸೈನ್ಯಕ್ಕೆ ಕಳುಹುವ ಇಂದಿನ ತಂದೆತಾಯಿಗಳಿಗೆ ನಮ್ಮ ವಿಜ್ಞಾಪನೆಯಿಷ್ಟೆ. ಬಯಕೆಯು ಮಕ್ಕಳದೋ ತಮ್ಮದೋ ಎಂಬುದನ್ನು ಸಹಿ ಹಾಕುವ ಮೊದಲು ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ. ವೈದ್ಯನು ಬೇಡವೆಂದರೆ ಆ ಮಾತನ್ನು ಗೌರವಿಸಲಿ. ಹೋಗುವುದು ನಿಶ್ಚಯವಾದ ಮೇಲೆ ಕಣ್ಣೀರನ್ನು ಮನೆಯಲ್ಲಿಟ್ಟುಕೊಂಡು, ಧೈರ್ಯವನ್ನೂ ಪತ್ರವನ್ನೂ ಕಾಲುಚೀಲವನ್ನೂ ಕಳುಹಿಸಲಿ. ಮಕ್ಕಳು ಕುಶಲವಾಗಿ ಹಿಂದಿರುಗಿದರೆ, ಹಿಂದಿರುಗದವರ ಮನೆಗೆ ಒಮ್ಮೆ ಹೋಗಿ ಕುಳಿತು ಬರಲಿ.