ಮೂಗೂರು ಉತ್ಸವದ ಬಗ್ಗೆ ಬರೆದ ಫ್ರೆಂಚ್ ಪಾದ್ರಿ, ಕೊನೆಗೆ ತಮ್ಮ ಸೋಲನ್ನೂ ಬರೆದರು

ತಿ.ನರಸೀಪುರ: ತಾಲ್ಲೂಕಿನ ಮೂಗೂರಿನ ತಿಬ್ಬಾದೇವಿ ಉತ್ಸವ, ಪಕ್ಕದ ನಂಜನಗೂಡಿನ ದೇವಸ್ಥಾನ. ಈ ಎರಡರ ಬಗ್ಗೆಯೂ 200 ವರ್ಷದ ಹಿಂದೆಯೇ ಒಬ್ಬ ಫ್ರೆಂಚ್ ಪಾದ್ರಿ ಬರೆದಿದ್ದಾರೆ ಅಂದ್ರೆ ನಂಬ್ತೀರಾ? ಅವರೇ ಅಬ್ಬೆ ದುಬಾಯ್.

1792ರಲ್ಲಿ ಭಾರತಕ್ಕೆ ಬಂದ ಈ ಕ್ಯಾಥೊಲಿಕ್ ಪಾದ್ರಿ, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣ ಸೇರಿದರು. ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವುದು ಅವರ ಕೆಲಸ. ಆದರೆ ದೂರ ನಿಂತು ಬೋಧನೆ ಮಾಡಲಿಲ್ಲ. ಇಲ್ಲಿನವರಂತೆ ಉಟ್ಟರು, ಇಲ್ಲಿನ ಊಟಕ್ಕೆ ಒಗ್ಗಿಕೊಂಡರು. ಜನ ದೊಡ್ಡ ಸ್ವಾಮಿಯೋರು ಅಂತ ಕರೆದರು. ಸಿಡುಬಿಗೆ ಊರೂರೇ ಹೆದರುತ್ತಿದ್ದ ಕಾಲದಲ್ಲಿ, 1803-04ರಲ್ಲಿ, 25 ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿಸಿದರು.

ಇಲ್ಲಿನ ಆಚಾರ, ಪದ್ಧತಿ ಕುರಿತ ಅವರ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯ್ತು. ಅದರಲ್ಲಿ ದೇವಸ್ಥಾನ, ಉತ್ಸವಗಳ ಬಗ್ಗೆ ಕಟು ಮಾತುಗಳೇ ಜಾಸ್ತಿ. ಜನರ ಜೊತೆ ಅಷ್ಟು ವರ್ಷ ಬಾಳಿದರೂ ಹೊರಗಿನವರ ಪೂರ್ವಗ್ರಹ ಪೂರ್ತಿ ಹೋಗಿರಲಿಲ್ಲ.

ಆದರೆ ತಮ್ಮನ್ನು ಅಳೆಯುವಾಗಲೂ ಅವರು ಅಷ್ಟೇ ಕಟುವಾಗಿದ್ದರು. 1823ರಲ್ಲಿ ಊರಿಗೆ ಮರಳಿದ ವರ್ಷವೇ ಅವರ ಪತ್ರಗಳು ಪುಸ್ತಕವಾಗಿ ಬಂದವು. ಅಷ್ಟು ವರ್ಷದ ದುಡಿಮೆಯಲ್ಲಿ ಮತಾಂತರ ಆದವರು ಇನ್ನೂರು ಮುನ್ನೂರು ಮಂದಿ, ಅದರಲ್ಲೂ ನಿಜವಾದ ನಂಬಿಕೆಯಿಂದ ಬಂದವರು ಒಬ್ಬರೂ ನೆನಪಿಗೆ ಬರಲ್ಲ ಎಂದು ಒಪ್ಪಿಕೊಂಡರು. ಬೇರೆ ಮಿಷನರಿಗಳು ಸಿಟ್ಟಾಗಿ ಉತ್ತರ ಬರೆದರು.

ಸೋಲು ಒಪ್ಪಿಕೊಂಡರೂ ದುಬಾಯ್ ತಮ್ಮ ದೇವರನ್ನು ಬಿಡಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರಲ್ಲಿ ಪಾದ್ರಿಯಾಗಿಯೇ ತೀರಿಕೊಂಡರು.