ನೆಲದಾಳವನ್ನು ವಿದ್ಯುತ್ತಿನಿಂದ ಅಳೆದ ಕಾನ್ರಾಡ್ ಷ್ಲಂಬರ್ಜರ್ (1878-1936)

ಕೊಳವೆ ಬಾವಿಗೆ ಸ್ಥಳ ಗುರುತಿಸಿಕೊಡುವಂತೆ ಅರ್ಜಿ ಸಲ್ಲಿಸುವ ರೈತರ ಹಾಗೂ ಸಾರ್ವಜನಿಕರ ಜಮೀನಿನಲ್ಲಿ ಭೂವಿಜ್ಞಾನಿಗಳು ಬಹುಮಟ್ಟಿಗೆ ಕೈಗೊಳ್ಳುವುದು ವಿದ್ಯುತ್ ರೋಧಶೀಲತೆಯ ಸಮೀಕ್ಷೆಯನ್ನು. ಒಂದೇ ಸರಳ ರೇಖೆಯಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಲಕ್ಕೆ ಊರಿ, ತಂತಿ ಎಳೆದು, ಉಪಕರಣದಲ್ಲಿ ಕಾಣುವ ಅಂಕಿಗಳನ್ನು ಬರೆದುಕೊಳ್ಳುವುದನ್ನು ಅರ್ಜಿದಾರರು ನೋಡಿರಬಹುದು. ಈ ಗೂಟಗಳ ಒಂದು ಜೋಡಣೆಗೆ ಷ್ಲಂಬರ್ಜರ್ ವಿನ್ಯಾಸವೆಂದು ಹೆಸರು. ಸದರಿ ವಿಧಾನವು ಏನನ್ನು ತಿಳಿಸಬಲ್ಲದು, ಏನನ್ನು ತಿಳಿಸಲಾರದು ಎಂಬುದು ಅದನ್ನು ರೂಪಿಸಿದವರ ಜೀವನದಿಂದ ಸ್ಪಷ್ಟವಾಗುವುದರಿಂದ, ಅವರ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಕಾನ್ರಾಡ್ ಷ್ಲಂಬರ್ಜರ್ ಅವರು 1878ರ ಅಕ್ಟೋಬರ್ 2ರಂದು ಆಲ್ಸೇಸ್ ಪ್ರಾಂತ್ಯದ ಗೆಬ್ವಿಲೇರ್ ಎಂಬ ಊರಿನಲ್ಲಿ ಜನಿಸಿದರು. 1871ರ ನಂತರ ಆ ಪ್ರಾಂತ್ಯವು ಜರ್ಮನಿಯ ಆಳ್ವಿಕೆಗೆ ಒಳಪಟ್ಟಿತ್ತು. ಅವರದು ಬಟ್ಟೆ ಗಿರಣಿಗಳನ್ನು ನಡೆಸುತ್ತಿದ್ದ ಅನುಕೂಲಸ್ಥ ಮನೆತನ. ಪ್ಯಾರಿಸ್ ನಗರದಲ್ಲಿ ಉನ್ನತ ವ್ಯಾಸಂಗ ಮುಗಿಸಿದ ಅವರು 1907ರಲ್ಲಿ ಅಲ್ಲಿನ ಗಣಿ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ಸಹೋದರರಲ್ಲಿ ಜೀನ್ ಸಾಹಿತಿಯಾದರು; ಕಿರಿಯರಾದ ಮಾರ್ಸೆಲ್ ಇಂಜಿನಿಯರಾಗಿ ಮುಂದೆ ಅಣ್ಣನ ಕಾರ್ಯಕ್ಕೆ ಹೆಗಲುಕೊಟ್ಟರು.

ಆ ಕಾಲದಲ್ಲಿ ಭೂಮಿಯೊಳಗೆ ಏನಿದೆಯೆಂದು ಅರಿಯಲು ಅಗೆಯುವುದೇ ಮುಖ್ಯ ಮಾರ್ಗವಾಗಿತ್ತು. ಕವೆಗೋಲು ಹಿಡಿದು ನೀರು ನೋಡುವವರು ನಮ್ಮಲ್ಲಿರುವಂತೆ ಯುರೋಪಿನಲ್ಲಿಯೂ ಇದ್ದರು. ಅದಿರು ಇರುವ ಕಡೆ ಸ್ವಾಭಾವಿಕವಾಗಿ ಸಣ್ಣ ವಿದ್ಯುತ್ ಪ್ರವಾಹ ಉಂಟಾಗುವುದನ್ನು ಇಂಗ್ಲೆಂಡಿನ ರಾಬರ್ಟ್ ಫಾಕ್ಸ್ 1830ರಲ್ಲಿಯೇ ಗುರುತಿಸಿದ್ದರಾದರೂ, ಅದು ನಂಬಲರ್ಹವಾದ ಕ್ಷೇತ್ರ ವಿಧಾನವಾಗಿ ಬೆಳೆದಿರಲಿಲ್ಲ.

ಷ್ಲಂಬರ್ಜರ್ ಅವರು 1911ರಲ್ಲಿ ವಿದ್ಯಾಲಯದ ನೆಲಮಾಳಿಗೆಯಲ್ಲಿ ಪ್ರಯೋಗ ಆರಂಭಿಸಿದರು. ಸ್ನಾನದ ತೊಟ್ಟಿಯೊಂದಕ್ಕೆ ಮರಳು ತುಂಬಿ, ಅದರಲ್ಲಿ ಬೇರೆ ಬೇರೆ ವಸ್ತುಗಳನ್ನು ಹೂತು, ವಿದ್ಯುತ್ ಹರಿಸಿ, ಮೇಲ್ಮೈಯಲ್ಲಿ ವಿಭವ ಹೇಗೆ ಬದಲಾಗುವುದೆಂದು ಅಳೆದರು. ಹೂತದ್ದು ಏನು, ಎಲ್ಲಿ ಎಂಬುದು ಮೊದಲೇ ತಿಳಿದಿದ್ದುದರಿಂದ ಅಳತೆಯು ಸತ್ಯ ಹೇಳುತ್ತಿದೆಯೇ ಎಂದು ಪರಿಶೀಲಿಸುವುದು ಸಾಧ್ಯವಾಯಿತು. ಕ್ಷೇತ್ರ ವಿಧಾನವನ್ನು ಕಲಿಯುವವರಿಗೆ ಇಂದಿಗೂ ಇದಕ್ಕಿಂತ ಉತ್ತಮ ಆರಂಭವಿಲ್ಲವೆನ್ನಬಹುದು. 1912ರಲ್ಲಿ ನಾರ್ಮಂಡಿಯಲ್ಲಿದ್ದ ಕುಟುಂಬದ ವಾಲ್-ರಿಶೆ ಎಸ್ಟೇಟಿನ ಬಯಲಿನಲ್ಲಿ ಅದೇ ಪ್ರಯೋಗವನ್ನು ನಡೆಸಿ, ಸಮವಿಭವ ರೇಖೆಗಳ ಮೊದಲ ನಕ್ಷೆಯನ್ನು ಸಿದ್ಧಪಡಿಸಿದರು.

ಹೊಲದಲ್ಲಿ ಎದುರಾದ ತೊಡಕುಗಳು ಬೇರೆಯೇ ಆಗಿದ್ದವು. ಲೋಹದ ಗೂಟವು ಒದ್ದೆ ಮಣ್ಣಿಗೆ ತಾಗಿದೊಡನೆ ತಾನೇ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸಿ ಅಳತೆಯನ್ನು ಕೆಡಿಸುತ್ತದೆ. ಆದುದರಿಂದ ವಿಭವ ಅಳೆಯಲು ಮೈಲುತುತ್ತದ ದ್ರಾವಣದಲ್ಲಿ ತಾಮ್ರವನ್ನಿರಿಸಿದ, ದ್ರವ ಜಿನುಗುವ ಪಾತ್ರೆಗಳನ್ನು ಬಳಸಲಾಯಿತು. 1913ರಲ್ಲಿ ಫ್ರಾನ್ಸಿನ ಸೇನ್-ಬೆಲ್ ಗಣಿಯಲ್ಲಿಯೂ, ಸರ್ಬಿಯಾದ ಬೋರ್ ಎಂಬಲ್ಲಿಯೂ ಅದಿರನ್ನು ವಿದ್ಯುತ್ ವಿಧಾನದಿಂದ ಪತ್ತೆಹಚ್ಚಲಾಯಿತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಕಾರ್ಯ ಸ್ಥಗಿತಗೊಂಡಿತು.

1919ರ ನವೆಂಬರಿನಲ್ಲಿ ತಂದೆ ಪಾಲ್ ಅವರು ಕಾನ್ರಾಡ್ ಮತ್ತು ಮಾರ್ಸೆಲ್ ಇವರೊಂದಿಗೆ ಒಪ್ಪಂದ ಮಾಡಿಕೊಂಡು, ಸಂಶೋಧನೆಗಾಗಿ 5 ಲಕ್ಷ ಫ್ರಾಂಕ್ ಒದಗಿಸಲು ಸಮ್ಮತಿಸಿದರು. ಲಾಭಕ್ಕಿಂತ ವಿಜ್ಞಾನವೇ ಮೊದಲು ಎಂಬುದು ಅದರ ಷರತ್ತು. ಮಕ್ಕಳ ಉದ್ಯಮಕ್ಕೆ ಹಣ ಹೂಡುವ ತಂದೆಯು ಇಂತಹ ಷರತ್ತು ವಿಧಿಸುವುದು ಅಪರೂಪ. ಮರುವರ್ಷವೇ ಕಾನ್ರಾಡ್ ಅವರು ತಮ್ಮ ವಿಧಾನವನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದರು.

ವಿಧಾನದ ತಿರುಳು ಇಷ್ಟು. ಹೊರಗಿನ ಎರಡು ಗೂಟಗಳ ಮೂಲಕ ವಿದ್ಯುತ್ತನ್ನು ನೆಲಕ್ಕೆ ಹರಿಸಿ, ನಡುವೆ ಹತ್ತಿರ ಹತ್ತಿರವಾಗಿರುವ ಎರಡು ಗೂಟಗಳ ಮಧ್ಯದ ವಿಭವ ವ್ಯತ್ಯಾಸವನ್ನು ಅಳೆಯಲಾಗುತ್ತದೆ. ಹೊರಗಿನ ಗೂಟಗಳನ್ನು ದೂರ ಸರಿಸಿದಂತೆ ಪ್ರವಾಹವು ಹೆಚ್ಚು ಆಳಕ್ಕೆ ಇಳಿಯುತ್ತದೆ. ಕಲ್ಲಿನ ಕಣಗಳು ವಿದ್ಯುತ್ತನ್ನು ಬಹುತೇಕ ಹರಿಯಗೊಡುವುದಿಲ್ಲ. ರಂಧ್ರ, ಬಿರುಕುಗಳಲ್ಲಿರುವ ನೀರು ಹರಿಯಗೊಡುತ್ತದೆ. ಆದ್ದರಿಂದ ಗಟ್ಟಿ ಗ್ರಾನೈಟ್ ಶಿಲೆಯ ರೋಧಶೀಲತೆ ಸಾವಿರಾರು ಓಮ್-ಮೀಟರ್ ಇದ್ದರೆ, ನೀರು ತುಂಬಿದ ಶಿಥಿಲ ಪದರದ್ದು ಅದಕ್ಕಿಂತ ಬಹಳ ಕಡಿಮೆ. ಆದರೆ ಜೇಡಿಮಣ್ಣು ಮತ್ತು ಉಪ್ಪುನೀರಿನ ರೋಧಶೀಲತೆಯೂ ಕಡಿಮೆಯೇ. ಅಲ್ಲದೆ, ದೊರೆಯುವ ಅಂಕಿಯು ಹಲವು ಪದರಗಳ ಮಿಶ್ರ ಫಲ. 1930ರಲ್ಲಿ ಸೋದರರಿಬ್ಬರೂ ರುಮೇನಿಯಾದ ಸಬ್ಬಾ ಸ್ಟೆಫಾನೆಸ್ಕು ಅವರೊಂದಿಗೆ ಪದರ ಪದರವಾದ ಭೂಮಿಯಲ್ಲಿ ವಿಭವ ಹಂಚಿಕೆಯಾಗುವ ಗಣಿತವನ್ನು ಪ್ರಕಟಿಸಿದ ಬಳಿಕ ಈ ಮಿಶ್ರಣವನ್ನು ಬಿಡಿಸುವುದು ಸುಲಭವಾಯಿತಾದರೂ, ಒಂದೇ ಅಳತೆಗೆ ಎರಡು ಮೂರು ಬಗೆಯ ಪದರ ರಚನೆಗಳು ಹೊಂದುವ ಸಾಧ್ಯತೆ ಉಳಿದೇ ಇದೆ. ಬಹು ಆಳದಲ್ಲಿರುವ ತೆಳುವಾದ ಬಿರುಕು ಮೇಲಿನ ಅಳತೆಯಲ್ಲಿ ಕಾಣಿಸದೆ ಹೋಗಬಹುದು. ಗಟ್ಟಿಶಿಲೆಯೇ ಹೆಚ್ಚಾಗಿರುವ ಕರ್ನಾಟಕದಲ್ಲಿ ಸಾಲ ಮಾಡಿ ಕೊಳವೆ ಬಾವಿ ಕೊರೆಸುವ ರೈತರು ಇದನ್ನು ಗಮನಿಸಬೇಕಾಗಿದೆ. ಸಮೀಕ್ಷೆಯು ಸೂಕ್ತ ಸ್ಥಳವನ್ನು ಸೂಚಿಸುತ್ತದೆಯೇ ಹೊರತು ನೀರಿನ ಪ್ರಮಾಣಕ್ಕೆ ಖಾತರಿ ನೀಡುವುದಿಲ್ಲ. ತಂತಿಬೇಲಿ, ಹೂತಿಟ್ಟ ಕಬ್ಬಿಣದ ಪೈಪುಗಳು ಸಮೀಪದಲ್ಲಿದ್ದರೆ ಅಳತೆ ಕೆಡುವುದರಿಂದ ಅವುಗಳ ವಿವರವನ್ನು ಸಮೀಕ್ಷೆಗೆ ಬಂದವರಿಗೆ ಮೊದಲೇ ತಿಳಿಸುವುದು ಒಳಿತು.

ಮೇಲಿನಿಂದ ಮಾಡಿದ ಅಳತೆಗೆ ಇಂತಹ ಮಿತಿ ಇದ್ದುದರಿಂದ, ಉಪಕರಣವನ್ನೇ ಬಾವಿಯೊಳಗೆ ಇಳಿಸುವ ಆಲೋಚನೆ ಹುಟ್ಟಿತು. 1927ರ ಸೆಪ್ಟೆಂಬರ್ 5ರಂದು ಆಲ್ಸೇಸಿನ ಪೆಶೆಲ್ಬ್ರಾನ್ ತೈಲಕ್ಷೇತ್ರದಲ್ಲಿ ಕಾನ್ರಾಡ್ ಅವರ ಅಳಿಯ ಹೆನ್ರಿ ಡಾಲ್ ಮತ್ತು ಸಂಗಡಿಗರು ಮೀಟರಿಗೊಮ್ಮೆ ನಿಲ್ಲಿಸಿ ರೋಧಶೀಲತೆಯನ್ನು ಅಳೆದು, ಕೈಯಿಂದಲೇ ನಕ್ಷೆ ಬರೆದರು. ಕೊರೆದ ಬಾವಿಯ ವಿದ್ಯುತ್ ದಾಖಲೆಗಳಲ್ಲಿ ಇದೇ ಮೊದಲನೆಯದು. ಕೆಲವೇ ವರ್ಷಗಳಲ್ಲಿ ಈ ಕಾರ್ಯವು ವೆನೆಜುವೆಲಾ, ಸೋವಿಯತ್ ಒಕ್ಕೂಟ ಮೊದಲಾದ ದೇಶಗಳಿಗೆ ವಿಸ್ತರಿಸಿತು.

ಸೋವಿಯತ್ ಒಕ್ಕೂಟದ ಪ್ರವಾಸದಿಂದ ಮರಳುತ್ತಿದ್ದಾಗ, 1936ರ ಮೇ ತಿಂಗಳಿನಲ್ಲಿ, ಸ್ಟಾಕ್‌ಹೋಮ್ ನಗರದಲ್ಲಿ ಕಾನ್ರಾಡ್ ಅವರು ನಿಧನರಾದರು. ಆಗ ಅವರಿಗೆ 57 ವರ್ಷ. ಕಾರ್ಯದ ಹೊಣೆಯನ್ನು ತಮ್ಮ ಮಾರ್ಸೆಲ್ ವಹಿಸಿಕೊಂಡು 1953ರಲ್ಲಿ ತಾವು ತೀರಿಕೊಳ್ಳುವವರೆಗೆ ಮುನ್ನಡೆಸಿದರು.